ತಾಮ್ರದ ಕಂಡಿಕೆ ಸುತ್ತುವ ಸುಂದರವ್ವ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಪವರ್‌ಲೂಮ್ ಶೆಡ್ಡುಗಳು ಇನ್ನೂ ಸದ್ದು ತೆಗೆದಿಲ್ಲ. ಕೋಳಿ ಕೂಗಿ ಸುಮ್ಮನಾಗಿದೆ. ನಳಕ್ಕೆ ನೀರು ಬರಲು ಇನ್ನೂ ಹೊತ್ತಿದೆ. ಸುಂದರವ್ವ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತು, ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಎದೆಯ ಮುಂದೆ ಅತ್ತಿಂದಿತ್ತ ಮೆಲ್ಲಗೆ ಆಡಿಸುತ್ತಿದ್ದಾರೆ. ಬಾಗಿಲಲ್ಲಿ ನಿಂತವರಿಗೆ ಆ ಬೆರಳುಗಳ ನಡುವೆ ಏನೂ ಕಾಣುವುದಿಲ್ಲ. ಅಲ್ಲಿರುವುದು ತಲೆಗೂದಲಿಗಿಂತ ಸಣ್ಣದಾದ ತಾಮ್ರದ ತಂತಿ. ಈಚೆಗೆ ಅದು ಸುಂದರವ್ವನಿಗೂ ಕಾಣುವುದಿಲ್ಲ.

"ಮುಂಜಾನೆದ್ದು ಗಾಳಿ ಸುತ್ತತಾಳ ನೋಡ್ರಿ ಈಕಿ," ಎನ್ನುತ್ತ ಗಂಡ ಕಳಕಪ್ಪ ಚಹಾದ ಬಟ್ಟಲನ್ನು ಅವರ ಮೊಣಕಾಲಿಗೆ ತಾಗುವ ಹಾಗೆ ಇಡುತ್ತಾರೆ. ಎಲ್ಲಿಟ್ಟೆ ಎಂದು ಬಾಯಿಂದ ಹೇಳುವುದಿಲ್ಲ. ತಾಗಿಸಿದರೆ ಸಾಕು.

ಹೊಲಿಗೆ ಯಂತ್ರದಿಂದ ಬಿಚ್ಚಿ ತಂದ ಪುಟ್ಟ ಮೋಟಾರೊಂದು ಸುಂದರವ್ವನ ಮುಂದೆ ಹಲಗೆಯ ಮೇಲೆ ಗುಂಯ್‌ಗುಡುತ್ತಿದೆ. ಅದರ ತುದಿಯಲ್ಲಿ, ತಂತಿ ಸುತ್ತಿಕೊಳ್ಳುವ ಬೆರಳುದ್ದದ ಕರಿ ಅಚ್ಚು ತಿರುಗುತ್ತಿದೆ. ಕಾಲಡಿಯ ಪೆಡಲನ್ನು ಒತ್ತಿದಷ್ಟೂ ಅದರ ಓಟ. ಇದ್ದಕ್ಕಿದ್ದಂತೆ ಅವರ ಬೆರಳು ನಿಂತಿತು. ಪೆಡಲಿನಿಂದ ಕಾಲು ಮೇಲೆದ್ದಿತು. ತಂತಿ ಹರಿದಿದೆ. ಸುಂದರವ್ವ ಹರಿದ ಎರಡು ತುದಿಗಳನ್ನೂ ಹುಡುಕಿ, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು, ಕೈಯೆರಡನ್ನೂ ಮೇಲೆತ್ತಿ ಕೂಗುತ್ತಾರೆ.

"ಆಫ್ರೀನಾ, ಹರೀತು ನೋಡವ್ವ. ಬಾ ಲಗೂನ."

ಕತ್ತಲಲ್ಲಿಯೂ ಗಂಟು ಹಾಕಬಲ್ಲ ಬೆರಳುಗಳಿವು. ಆದರೂ ಸುಂದರವ್ವ ಗಂಟು ಹಾಕುವುದಿಲ್ಲ. ಅಂಗಳದಿಂದ ಪಕ್ಕದ ಓಣಿಯ ಹುಡುಗಿ ಆಫ್ರೀನ ಒಳಗೆ ಬರುವವರೆಗೂ ಎರಡು ಕೈಗಳನ್ನು ಹಾಗೆಯೇ ಎತ್ತಿ ಹಿಡಿದು ಕಾಯುತ್ತಾರೆ. ಯಾಕೆ ಕಾಯುತ್ತಾರೆ ಎಂಬುದಕ್ಕೆ ಅವರ ಅರ್ಧ ಆಯುಷ್ಯದ ಕಥೆಯನ್ನೇ ಹೇಳಬೇಕಾಗುತ್ತದೆ.

ಸುಂದರವ್ವ ಸುತ್ತುತ್ತಿರುವುದು ಬೇಸ್ ಗಿಟಾರಿನ ಪಿಕಪ್. ಗಿಟಾರಿನ ದಪ್ಪ ತಂತಿಗಳ ಕೆಳಗೆ ಕರಿ ಮುಚ್ಚಳದೊಳಗೆ ಅಡಗಿ ಕೂರುವ ಭಾಗ ಇದು. ಅಯಸ್ಕಾಂತದ ಚೂರುಗಳ ಸುತ್ತ ಈ ಸಣ್ಣ ತಂತಿಯನ್ನು ಎಂಟು ಸಾವಿರದಷ್ಟು ಸುತ್ತು ಸುತ್ತಬೇಕು. ಮೇಲೆ ದಪ್ಪ ತಂತಿ ಮಿಡಿದಾಗ ಅದರ ನಡುಕ ಈ ಸುರುಳಿಯಲ್ಲಿ ಕರೆಂಟಾಗಿ ಹುಟ್ಟಿ ಸ್ಪೀಕರಿಗೆ ಹರಿಯುತ್ತದೆ. ಸುರುಳಿಗೆ ಜೀವವಿಲ್ಲದಿದ್ದರೆ ಗಿಟಾರ್ ಎಂಬುದು ಬರೀ ಕಟ್ಟಿಗೆ. ಹಾಡು ಕೇಳಲು ಬಂದವರು ಹಾಡುವವರ ಮುಖ ನೋಡುತ್ತಾರೆ, ಬಾರಿಸುವವರ ಕೈ ನೋಡುತ್ತಾರೆ. ಕರಿ ಮುಚ್ಚಳವನ್ನು ನೋಡಿದವರಿಲ್ಲ. ಅದರೊಳಗೆ ನೇಕಾರರ ಮನೆಯ ಹೆಣ್ಣುಮಗಳೊಬ್ಬಳ ಕೆಲಸವಿದೆ ಎಂಬುದು ಬಾರಿಸುವವರಿಗೂ ಗೊತ್ತಿರಲಿಲ್ಲ.

ಈ ಕೆಲಸ ಸುಂದರವ್ವನ ಕೈಗೆ ಬಂದದ್ದು ಖಾಸಿಂಸಾಬರಿಂದ. ಖಾಸಿಂಸಾಬರ ಅಂಗಡಿ ಪಕ್ಕದ ಓಣಿಯಲ್ಲಿದೆ. ಅವರು ಹರೆಯದಲ್ಲಿ ಮೀರಜಿಗೆ ಹೋಗಿ ತಂಬೂರಿ ಮಾಡುವುದನ್ನು ಕಲಿತು ಬಂದವರು. ಆಗ ಈ ಕಡೆ ಆರ್ಕೆಸ್ಟ್ರಾ ಪಾರ್ಟಿಗಳ ಕಾಲ. ಮದುವೆಗೊಂದು, ಗಣಪತಿಗೊಂದು, ನಾಟಕ ಕಂಪನಿಗೊಂದು. ಬಾಗಲಕೋಟೆಯ ಪಾರ್ಟಿಯೊಂದು ಮುಂಬೈನಿಂದ ತಂದಿದ್ದ ಬೇಸ್ ಗಿಟಾರಿನ ಕುತ್ತಿಗೆ ಬಸ್ಸಿನ ಟಾಪಿನಿಂದ ಬಿದ್ದು ಮುರಿದಾಗ ಅದು ರಿಪೇರಿಗೆಂದು ಅವರ ಅಂಗಡಿಗೆ ಬಂತು. ಖಾಸಿಂಸಾಬರು ಕುತ್ತಿಗೆ ಕೂಡಿಸಿ ಕೊಟ್ಟರು. ಕೊಡುವ ಮೊದಲು ಅದನ್ನು ಬಿಚ್ಚಿ, ಒಳಗಿನದನ್ನೆಲ್ಲ ನೋಡಿಕೊಂಡು, ಅಳತೆ ತೆಗೆದಿಟ್ಟುಕೊಂಡರು. ಮುಂದಿನ ವರ್ಷ ತಮ್ಮದೇ ಬೇಸ್ ಮಾಡಿದರು. ಅದಕ್ಕೆ 'ಸಂಗಮ' ಎಂದು ಹೆಸರಿಟ್ಟರು.

ಕಟ್ಟಿಗೆಯ ಕೆಲಸ ಅವರ ಕೈಗೆ ಒಲಿದಿತ್ತು, ಸುರುಳಿ ಒಲಿಯಲಿಲ್ಲ. ತಂತಿ ಮತ್ತೆ ಮತ್ತೆ ಹರಿಯುತ್ತಿತ್ತು. ಮೋಟಾರು ಸುತ್ತುವ ಅಂಗಡಿಯವರು ಇಷ್ಟು ಸಣ್ಣ ತಂತಿ ನಮ್ಮಿಂದ ಆಗದು ಎಂದು ಕೈಯೆತ್ತಿದರು. ಬೇಸತ್ತು ಮನೆಗೆ ಹೊರಟ ಒಂದು ಸಂಜೆ ಅವರು ನೇಕಾರರ ಓಣಿಯಲ್ಲಿ ಹಾಯ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಸುಂದರವ್ವ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಯೇ ಕಂಡಿಕೆ. ಮಗ್ಗದಲ್ಲಿ ಗಂಡ ನೇಯುತ್ತಿದ್ದರೆ ಹೊರಗೆ ಹೆಂಡತಿ ಸುತ್ತಿ ಸುತ್ತಿ ಕೊಡಬೇಕು. ಸುಂದರವ್ವ ಪಕ್ಕದ ಮನೆಯವಳ ಜೊತೆ ಮಾತಾಡುತ್ತ, ನೂಲಿನ ಕಡೆ ನೋಡದೆಯೇ ಸುತ್ತುತ್ತಿದ್ದರು. ನೂಲು ಬಿಗಿಯಾದಾಗ ಬೆರಳು ಸಡಿಲುತ್ತಿತ್ತು, ಸಡಿಲಾದಾಗ ಬಿಗಿಯುತ್ತಿತ್ತು.

ಖಾಸಿಂಸಾಬರು ಸೀದಾ ಒಳಗೆ ಹೋಗಿ ಮಗ್ಗದ ಮುಂದೆ ನಿಂತು, "ಕಳಕಪ್ಪಾ, ನಿನ್ನ ಹೆಂಡತಿ ಕೈ ಸ್ವಲ್ಪ ಕಡಾ ಕೊಡಪಾ," ಎಂದರಂತೆ.

"ಕೈ ಅಷ್ಟ ಒಯ್ಯಾಕ ಬರಂಗಿಲ್ರಿ ಸಾಬ್ರ, ಬಾಯಿನೂ ಜೋಡಿ ಬರತೈತಿ. ತಡಕೋತೀರೇನು?" ಎಂದಿದ್ದರಂತೆ ಕಳಕಪ್ಪ.

ಸುಂದರವ್ವ ಸುತ್ತಿದ ಮೊದಲ ಸುರುಳಿ ನೋಡಲು ಚೆಂದವಿತ್ತು. ಗಿಟಾರಿಗೆ ಕೂರಿಸಿ ನೋಡಿದರೆ ಸದ್ದೇ ಇಲ್ಲ. ಎಲ್ಲಿ ತಂತಿ ಹರಿದಿದೆ ಎಂದು ಖಾಸಿಂಸಾಬರು ಭೂತಗನ್ನಡಿ ಹಿಡಿದು ಹುಡುಕಿ ಸೋತರು. ಕಡೆಗೆ ಸುಂದರವ್ವನನ್ನೇ ಕೇಳಿದರು.

"ನಡುವ ಒಮ್ಮೆ ಹರಿದಿತ್ರಿ ಅಣ್ಣಾರ. ಗಂಟ ಹಾಕೀನಿ. ಭಾಳ ಗಟ್ಟಿ ಐತಿ, ಜಗ್ಗಿ ನೋಡ್ರಿ ಬೇಕಾದ್ರ."

ಖಾಸಿಂಸಾಬರು ನೆತ್ತಿ ಹಿಡಿದುಕೊಂಡು ಕೂತರು. ಹರಿದ ನೂಲಿಗೆ ನೇಕಾರರು ಹಾಕುವ ಗಂಟು ಸಾಸಿವೆಗಿಂತ ಸಣ್ಣದು. ಸೀರೆಯ ಮೇಲೆ ಕೈಯಾಡಿಸಿದರೂ ಸಿಗಬಾರದು. ಅದು ಆ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ. ಆದರೆ ಈ ತಂತಿಯ ಮೈಮೇಲೆ ಕಣ್ಣಿಗೆ ಕಾಣದ ವಾರ್ನಿಶ್ ಇರುತ್ತದೆ. ಅದನ್ನು ಸುಟ್ಟು ತೆಗೆಯದೆ ಗಂಟು ಹಾಕಿದರೆ ತಂತಿ ಕೂಡುತ್ತದೆ, ಕರೆಂಟು ಹಾಯುವುದಿಲ್ಲ. ನೂಲಾದರೆ ಕೂಡಿತು, ತಂತಿಯಾದರೆ ಹರಿದೇ ಇದೆ. "ಅಷ್ಟ ಚೆಂದ ಹಾಕೀನಿ, ಯಾಕ ಸತ್ತೀತ್ರಿ ಅದು?" ಎಂದು ಸುಂದರವ್ವ ಅಂದು ಜಗಳ ತೆಗೆದಿದ್ದರು. ಇವತ್ತಿಗೂ ಖಾಸಿಂಸಾಬರು ಆ ಮಾತನ್ನು ಅವರದೇ ರಾಗದಲ್ಲಿ ಆಡಿ ತೋರಿಸುತ್ತಾರೆ.

ಆಮೇಲೆ ಸುಂದರವ್ವ ಕಡ್ಡಿ ಗೀರಿ ವಾರ್ನಿಶ್ ಸುಡುವುದನ್ನು, ಕಣ್ಣಿಟ್ಟು ಬೆಸುಗೆ ಹಾಕುವುದನ್ನು ಕಲಿತರು. ಅವರ ಸುರುಳಿಗಳು ಮತ್ತೆಂದೂ ಸಾಯಲಿಲ್ಲ. ಸಂಗಮ ಬೇಸುಗಳು ಬಾಗಲಕೋಟೆ, ಬದಾಮಿ, ಹುನಗುಂದದ ಪಾರ್ಟಿಗಳ ಹೆಗಲೇರಿದವು. ಅದರ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು ಎಂದು ಆಗಿನವರು ಹೇಳುತ್ತಾರೆ.

ಮುಂದೆ ಕೀಬೋರ್ಡು ಬಂತು. ಒಬ್ಬನೇ ಕೂತು ಎಡಗೈಯಲ್ಲಿ ಬೇಸ್ ನುಡಿಸುವಂತಾದ ಮೇಲೆ ಬೇಸಿನವನಿಗೆ ಬೇರೆ ಸಂಬಳ ಕೊಡುವವರು ಯಾರು? ಸಂಗಮ ನಿಂತಿತು. ಖಾಸಿಂಸಾಬರು ಬಾಗಿಲು, ಚೌಕಟ್ಟು ಮಾಡುವುದಕ್ಕೆ ಹೊರಳಿದರು. ಸುಂದರವ್ವ ಕಂಡಿಕೆಗೆ ಮರಳಿದರು. ಆ ಕಡೆ ಕೈಮಗ್ಗಕ್ಕೂ ಅದೇ ಕಾಲ ಬಂದಿತ್ತು. ಕಳಕಪ್ಪನ ಮೊಣಕಾಲು ಹಿಡಿದುಕೊಂಡ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಅವರು ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ಮಡಚುವ ಕೆಲಸಕ್ಕೆ ಹೋಗತೊಡಗಿದರು. ಮಗ್ಗದ ಕುಣಿ ಮಾತ್ರ ಪಡಸಾಲೆಯ ನಡುವೆ ಉಳಿಯಿತು. ಕಾಲು ಇಳಿಬಿಟ್ಟು ನೇಯುತ್ತಿದ್ದ ಆ ಕುಣಿಯ ಮೇಲೆ ಹಲಗೆ ಮುಚ್ಚಿ ಜೋಳದ ಚೀಲ ಇಟ್ಟರು. ಮುಚ್ಚಿ ಸಿಮೆಂಟಿನ ಗಿಲಾಯ ಮಾಡಿಸೋಣ ಎಂದು ಮಗ ಹೇಳಿದಾಗಲೆಲ್ಲ ಕಳಕಪ್ಪ, "ಮಾಡಿಸೂಣು ತಡಿ," ಎನ್ನುತ್ತಲೇ ಬಂದರು.

ಸಂಗಮಕ್ಕೆ ಮತ್ತೆ ಜೀವ ಬಂದದ್ದು ಖಾಸಿಂಸಾಬರ ಮೊಮ್ಮಗಳು ಆಫ್ರೀನಳಿಂದ. ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಆಫ್ರೀನ ಅಜ್ಜನ ಅಂಗಡಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದಳು. ಅಲ್ಲೊಂದು ಇಲ್ಲೊಂದು ಉಳಿದಿದ್ದ ಹಳೆಯ ಸಂಗಮಗಳನ್ನು ರಿಪೇರಿಗೆ ತಂದವರು, ಇಂಥದೇ ಹೊಸದೊಂದು ಸಿಗುವುದೇ ಎಂದು ಕೇಳಿ ಹೋಗುತ್ತಿದ್ದರು. ಕೇಳುವವರು ಹೆಚ್ಚಾದಾಗ ಆಫ್ರೀನ ಅಜ್ಜನ ಅಳತೆಗಳನ್ನು ಮತ್ತೆ ತೆಗೆಸಿದಳು. ಎರಡು ಕೊಂಬಿನ ಹಳೆಯ ಆಕಾರ ಹಾಗೆಯೇ ಉಳಿಯಿತು. ಹೆಗಲು ಮುರಿಯುವ ತೇಗದ ಬದಲು ಮೈಗೆ ಹಗುರಾದ ಹೆಬ್ಬೇವು ಬಂತು. ಕುತ್ತಿಗೆ ಸಣ್ಣದಾಯಿತು. ದನಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಲು ಬ್ಯಾಟರಿಯ ಸರ್ಕ್ಯೂಟನ್ನು ಅವಳೇ ಮಾಡಿದಳು. ನಾಲ್ಕು ತಂತಿಗಳ ಜಾಗದಲ್ಲಿ ಐದು ಬಂದವು.

ಖಾಸಿಂಸಾಬರು ಗೊಣಗಿದರು. "ನಾಕು ತಂತಿ ಬಾರಸವ್ರ ಸಿಗವಲ್ರು. ಐದನೇದ್ದು ಯಾರ ಸಲುವಾಗಿ?"

"ದಾದಾ, ಮೊಬೈಲೂ ಬ್ಯಾಡ ಅಂದಿದ್ರಿ ನೀವು. ಈಗ ಸಂಡಾಸಕ್ಕೂ ಜೋಡಿಗೆ ಒಯ್ತೀರಿ."

ಪಿಕಪ್ಪಿಗೆಂದು ಆಫ್ರೀನ ಮೊದಲು ಒಂದು ಸುತ್ತುವ ಮಷೀನನ್ನೇ ತರಿಸಿದ್ದಳು. ಅದು ಸುತ್ತಿದ ಸುರುಳಿ ಗೆರೆ ಎಳೆದಂತೆ ಒಪ್ಪವಾಗಿತ್ತು. ಕೇಳಿ ನೋಡಲು ಬಾಗಲಕೋಟೆಯ ನವನಗರದಿಂದ ಬೀರಲಿಂಗಪ್ಪನವರನ್ನು ಕರೆಸಿದರು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದ ಬೀರಲಿಂಗಪ್ಪ ಆರ್ಕೆಸ್ಟ್ರಾ ಕಾಲದಿಂದಲೂ ಸಂಗಮ ಬಾರಿಸುತ್ತ ಬಂದವರು. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಹೋದಾಗ ಎಲ್ಲಕ್ಕಿಂತ ಮೊದಲು ಬೇಸನ್ನು ಹೆಗಲಿಗೇರಿಸಿಕೊಂಡು ಹೊರಬಿದ್ದಿದ್ದರು ಎಂದು ಅವರ ಹೆಂಡತಿ ಈಗಲೂ ಬಯ್ಯುತ್ತಾರೆ.

ಅವರು ಕೇಳಿ ತಲೆ ತೂಗಿದರು. "ಚಲೋ ಐತಿ. ಆದ್ರ ಭಾಳ ಶ್ಯಾಣ್ಯಾ ಆದಂಗ ಕೇಳತೈತಿ. ನಮ್ಮ ಸಂಗಮ ಅಷ್ಟ ಶ್ಯಾಣ್ಯಾ ಇದ್ದಿಲ್ಲ."

ಹೀಗೆ ಆಫ್ರೀನ ಸುಂದರವ್ವನ ಮನೆ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಸುಂದರವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗಂಡನಿಗೆ ಗೊತ್ತಿತ್ತು, ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಮತ್ಯಾರಿಗೂ ಹೇಳಿರಲಿಲ್ಲ. ಆಫ್ರೀನಳಿಗಂತೂ ಹೇಳಲಿಲ್ಲ. ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಮಷೀನು ಸುಂದರವ್ವನಿಗೆ ಗೊತ್ತಿತ್ತು.

"ಖರೇ ಹೇಳತೇನ್ರಿ," ಎನ್ನುತ್ತಾರೆ ಸುಂದರವ್ವ. "ಮತ್ತ ಕರದ್ರಲ್ಲ ಅಂತ ಹಿಗ್ಗು. ಮಗ್ಗ ಹೋತು, ಕಂಡಿಕಿ ಹೋತು. ಮನ್ಯಾಗ ನನ್ನ ಕೈಗೆ ಕೆಲಸ ಇದ್ದಿಲ್ಲ. ಕಣ್ಣು ಕಾಣವಲ್ದು ಅಂದ್ರ ಹುಡುಗಿ ಹೊಳ್ಳಿ ಹೊಕ್ಕಾಳ. ಬೆರಳಿಗೆ ಗೊತ್ತೈತಿ, ನಡೀತದ ಅನಕೊಂಡೆ."

ನಡೆಯಿತು ಕೂಡ. ಒಂದು ಬೇಸಿಗೆ ಬೇಕಾದ ಎರಡು ಸುರುಳಿ ತಯಾರಾದವು. ಹೊಸ ಸಂಗಮದ ಮೊದಲನೆಯದನ್ನು ಬೀರಲಿಂಗಪ್ಪನವರು ಬದಾಮಿಯ ಒಂದು ರಸಮಂಜರಿ ಕಾರ್ಯಕ್ರಮಕ್ಕೆ ಒಯ್ಯುವುದೆಂದು ಮಾತಾಯಿತು. ಅವರು ಒಯ್ಯಲು ಬಂದ ದಿನ ಅಂಗಡಿಯ ಓಣಿಯಲ್ಲಿ ಕರೆಂಟಿರಲಿಲ್ಲ. ನೇಕಾರರ ಓಣಿಯಲ್ಲಿತ್ತು. ಎಲ್ಲರೂ ಗಿಟಾರ್, ಆಂಪ್ಲಿಫೈಯರ್ ಹೊತ್ತುಕೊಂಡು ಸುಂದರವ್ವನ ಮನೆಗೇ ಬಂದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಕಳಕಪ್ಪ ಜೋಳದ ಚೀಲ ಸರಿಸಿ, ಹಲಗೆ ತೆಗೆದು, ದೊಡ್ಡ ಸ್ಪೀಕರನ್ನು ಮಗ್ಗದ ಕುಣಿಗೆ ಇಳಿಸಿದರು.

ಬೀರಲಿಂಗಪ್ಪ ತಂತಿ ಮಿಡಿದರು. ಸದ್ದಿಲ್ಲ.

ಆಫ್ರೀನಳ ಮುಖ ಸಣ್ಣದಾಯಿತು. "ನನ್ನ ಸರ್ಕ್ಯೂಟ್ ಇರಬೇಕ್ರಿ. ನನ್ನದ ತಪ್ಪು," ಎಂದು ಬ್ಯಾಟರಿ ತೆಗೆದಳು, ಹಾಕಿದಳು, ಹಿಂದಿನ ಮುಚ್ಚಳ ಬಿಚ್ಚಿ ತಾನು ಮಾಡಿದ ಒಂದೊಂದು ಬೆಸುಗೆಯನ್ನೂ ಕೆದಕಿದಳು. ಖಾಸಿಂಸಾಬರು ಕೆಮ್ಮಿ, "ಐದನೇ ತಂತಿ ಬ್ಯಾಡ ಅಂತ ಹೇಳಿದ್ನಿ," ಎಂದರು. ಅವಳ ಕಣ್ಣು ತುಂಬಿ ಬಂದದ್ದು ಸುಂದರವ್ವನಿಗೆ ಕಾಣಲಿಲ್ಲ. ಮೂಗು ಏರಿಸಿಕೊಂಡದ್ದು ಕೇಳಿಸಿತು.

ಸುಮ್ಮನಿದ್ದರೂ ಆಗುತ್ತಿತ್ತು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಸುಂದರವ್ವನ ಸುರುಳಿಯನ್ನು ಪರೀಕ್ಷಿಸುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಅಷ್ಟು ನಂಬಿಕೆ.

"ಏ ಹುಡುಗೀ, ಅದನ್ನ ಬಿಡು," ಎಂದರು ಸುಂದರವ್ವ. "ಮೊದಲ ನಂದ ನೋಡು."

"ನಿಮ್ದು ಯಾಕ ಚಿಗವ್ವಾ? ನಿಮ್ದು ಎಂದೂ ಕೆಟ್ಟಿಲ್ಲ."

"ಕಣ್ಣು ಕಾಣವಲ್ದು ನನಗ."

ಆಫ್ರೀನ ಮೀಟರಿನ ಎರಡು ಕಡ್ಡಿಗಳನ್ನು ಸುರುಳಿಯ ಎರಡು ತುದಿಗೆ ಮುಟ್ಟಿಸಿದಳು. ಒಂದು ಸುರುಳಿ ಸರಿಯಿತ್ತು, ಒಂದು ಸತ್ತಿತ್ತು. ಎರಡನ್ನೂ ಒಂದರ ಬಾಲಕ್ಕೆ ಒಂದು ಕೂಡಿಸಿದ್ದರಿಂದ, ಅದು ಸತ್ತಾಗ ಜೊತೆಗಾರನ ದನಿಯೂ ಹಾಯದೆ ನಿಂತಿತ್ತು. ಸುಂದರವ್ವ ಅದನ್ನು ಕೈಗೆ ತೆಗೆದುಕೊಂಡು ಗೋಡೆಯ ಬದಿಗೆ ಕೂತು ಬಿಚ್ಚತೊಡಗಿದರು. ಬಿಚ್ಚಿದ ತಂತಿಯನ್ನು ಆಫ್ರೀನ ಉರುಳೆಗೆ ಸುತ್ತಿಕೊಂಡಳು. ತುಸು ಹೊತ್ತಿಗೆ ಕಳಕಪ್ಪ ಎದ್ದು, "ಬರ್ರಿ ಬೀರಲಿಂಗಪ್ಪನವರ, ರೊಟ್ಟಿ ಪುಂಡಿಪಲ್ಯ ಅದಾವ. ಎರಡು ಸಲ ಉಪ್ಪು ಬಿದ್ದಿಲ್ಲ, ಇವತ್ತ ನಾನ ಮಾಡೀನಿ," ಎಂದರು.

ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಸುಂದರವ್ವನ ಬೆರಳು ನಿಂತಿತು. ಆಫ್ರೀನ ಬಗ್ಗಿ ನೋಡಿದಳು, ಏನೂ ಕಾಣಲಿಲ್ಲ. ಫೋನಿನ ದೀಪ ಹಚ್ಚಿದಳು, ಆಗಲೂ ಕಾಣಲಿಲ್ಲ. ಸುಂದರವ್ವ ಅವಳ ತೋರುಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟರು. ಗಂಟು. ತಂತಿ ಹರಿದಾಗ ಅವರ ಕೈ ಅವರನ್ನು ಕೇಳದೆಯೇ ಅರ್ಧ ಆಯುಷ್ಯದ ಹಿಂದಿನ ಹಾಗೆ ನೂಲಿನ ಗಂಟು ಹಾಕಿಬಿಟ್ಟಿತ್ತು.

"ನಾ ಹಾಕಿದ್ದು ನನಗ ಗೊತ್ತಿಲ್ಲ," ಎಂದರು ಸುಂದರವ್ವ. "ಇನ್ನ ಆ ಮಷೀನಿನ ಮ್ಯಾಲಿನ ಬಟ್ಟಿ ತಗೀರವ್ವ. ನಂದ ಮುಗೀತು."

ಖಾಸಿಂಸಾಬರು ಕೂತಲ್ಲಿಂದಲೇ, "ಅಷ್ಟ ಚೆಂದ ಹಾಕೀನಿ, ಯಾಕ ಸತ್ತೀತ್ರಿ ಅದು?" ಎಂದು ಹಳೆಯ ರಾಗ ತೆಗೆದರು. ಮೊದಲು ನಕ್ಕವರು ಸುಂದರವ್ವನೇ. ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಫ್ರೀನ ಗಂಟಿನ ಎರಡು ಬದಿ ಕತ್ತರಿಸಿದಳು. ಕಡ್ಡಿ ಗೀರಿ ತುದಿಗಳ ವಾರ್ನಿಶ್ ಸುಟ್ಟಳು. ಬೆಸುಗೆ ಹಾಕಿದಳು. ತಂತಿಯನ್ನು ಸುಂದರವ್ವನ ಬೆರಳುಗಳ ನಡುವೆ ಮತ್ತೆ ಇಟ್ಟು, "ಹರಿದಾಗ ನನ್ನ ಕರೀರಿ ಚಿಗವ್ವಾ. ಗಂಟು ನಂದು. ಸುತ್ತೋದು ನಿಮ್ದು," ಎಂದಳು.

"ಹರಿದಾಗೊಮ್ಮೆ ಅಂಗಡಿ ಬಿಟ್ಟ ಬರ್ತೀಯೇನ ನೀ?"

"ನಸುಕಿನ್ಯಾಗ ಸುತ್ರಿ. ಆಗ ಅಂಗಡಿ ಬಾಗಲಾ ಯಾರ ತಗದಿರ್ತಾರ?"

ಅಂದು ಬೀರಲಿಂಗಪ್ಪನವರ ಬಸ್ಸು ತಪ್ಪಿತು, ಸಂಜೆಯದೂ ಹೋಗುವುದರಲ್ಲಿತ್ತು. ಸುರುಳಿ ಮತ್ತೆ ಮುಚ್ಚಳದೊಳಗೆ ಕೂತಿತು. ಅವರು ಐದನೆಯ ತಂತಿಯನ್ನು, ಎಲ್ಲಕ್ಕಿಂತ ದಪ್ಪನೆಯದನ್ನು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಬಿಟ್ಟರು. ಸದ್ದು ಕುಣಿಯೊಳಗಿಂದ ಎದ್ದು ಬಂತು. ಗಡಿಗೆಯ ಮೇಲಿನ ತಟ್ಟೆ ನಡುಗಿತು. ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದ ಕಳಕಪ್ಪ ಎರಡೂ ಅಂಗೈಯನ್ನು ನೆಲಕ್ಕೆ ಊರಿದರು. ಬೀರಲಿಂಗಪ್ಪ ಬಾರಿಸುತ್ತಲೇ ಇದ್ದರು. ಕಳಕಪ್ಪನ ಪಾದಗಳು ಕುಣಿಯೊಳಗೆ, ಇಲ್ಲದ ಮಗ್ಗದ ಇಲ್ಲದ ತುಳಿಗೆಯನ್ನು ಮೆಲ್ಲಗೆ ತುಳಿಯುತ್ತಿದ್ದವು.

"ಕುಣಿ ಮುಚ್ಚಸೂದು ಬ್ಯಾಡ," ಎಂದರು ಕಡೆಗೆ. ಅದಾದ ಮೇಲೆ ಮಗ ಆ ಮಾತು ಎತ್ತಿಲ್ಲ.

ಈಗ ಆಫ್ರೀನ ಸಂಗಮವಲ್ಲದೆ ಮಾಡುವ ಸಾಮಾನ್ಯ ಗಿಟಾರುಗಳಿಗೆ ಮಷೀನೇ ಸುತ್ತುತ್ತದೆ. ಸಂಗಮದ ಸುರುಳಿಗಳು ಮಾತ್ರ ಸುಂದರವ್ವನವು. ರಾಟಿ ತಿರುಗಿಸಿ ತಿರುಗಿಸಿ ಹೆಗಲು ನೋಯುತ್ತದೆಂದು ಹೊಲಿಗೆ ಯಂತ್ರದ ಮೋಟಾರನ್ನು ಜೋಡಿಸಿಕೊಟ್ಟವಳೂ ಆಫ್ರೀನಳೇ. ಸುಂದರವ್ವ ಅದಕ್ಕೆ ತಕರಾರು ತೆಗೆಯಲಿಲ್ಲ. "ರಾಟಿನೂ ಮಷೀನ ಅಲ್ಲೇನ್ರಿ? ತಿರುಗೂದು ಯಾರರ ತಿರುಗಲಿ. ಬೆರಳು ನಂದಿದ್ರ ಆತು." ಶೆಡ್ಡುಗಳು ಸದ್ದು ತೆಗೆದರೆ ತಂತಿಯ ಸಣ್ಣ ಎಳೆತ ಬೆರಳಿಗೆ ತಿಳಿಯುವುದಿಲ್ಲ ಎಂದು ಕೆಲಸವನ್ನು ನಸುಕಿಗೇ ಇಟ್ಟುಕೊಂಡಿದ್ದಾರೆ. ಒಂದು ನಸುಕಿಗೆ ಒಂದು ಸುರುಳಿ. ತಂತಿ ಹರಿಯದ ದಿನ ಆಫ್ರೀನ ಬಂದು ಬರೀ ಚಹಾ ಕುಡಿದು ಹೋಗುತ್ತಾಳೆ. ಬದಾಮಿಯ ಕಾರ್ಯಕ್ರಮ ಮುಗಿದ ಮೇಲೆ ಎಷ್ಟೋ ಕಡೆಯಿಂದ ಕೇಳಿಕೆ ಬಂದಿದೆ. ಖಾಸಿಂಸಾಬರು ಈಗ ಐದನೆಯ ತಂತಿ ತಮ್ಮದೇ ವಿಚಾರ ಎನ್ನುತ್ತಾರೆ.

ಆಫ್ರೀನ ಒಳಗೆ ಬಂದಿದ್ದಾಳೆ. ಸುಂದರವ್ವ ಎತ್ತಿ ಹಿಡಿದ ಎರಡು ತುದಿಗಳನ್ನು ಅವಳು ತೆಗೆದುಕೊಳ್ಳುತ್ತಾಳೆ. ಕಡ್ಡಿ ಗೀರಿದ ವಾಸನೆ, ಬೆಸುಗೆಯ ಸಣ್ಣ ಹೊಗೆ. ಮುಗಿದ ಮೇಲೆ ಸುಂದರವ್ವ ಕೂಡಿಸಿದ ಜಾಗದ ಮೇಲೆ ಬೆರಳಾಡಿಸಿ ನೋಡುತ್ತಾರೆ.

"ಇನ್ನೂ ದಪ್ಪ ಐತಿ."

"ಹೋದ ವಾರ ಇದಕ್ಕಿಂತ ದಪ್ಪ ಇತ್ತು ಚಿಗವ್ವಾ."

"ಹೂಂ. ಅದೂ ಖರೆ."

ಮುಂದಿನ ತಿಂಗಳು ಬಾಗಲಕೋಟೆಯ ದವಾಖಾನೆಯಲ್ಲಿ ಸುಂದರವ್ವನ ಬಲಗಣ್ಣಿನ ಆಪರೇಶನ್ ಇದೆ. ಪಟ್ಟಿ ಬಿಚ್ಚಿದ ಮೇಲೆ ಮೊದಲು ಯಾರನ್ನು ನೋಡುತ್ತೀರಿ ಎಂದು ಓಣಿಯವರೆಲ್ಲ ಕೇಳಿದ್ದಾರೆ. ಕಳಕಪ್ಪ ಗಡ್ಡ ಕೆರೆದುಕೊಂಡು, "ನನ್ನ ಮಾರಿ ಅಂತೂ ಅಲ್ಲ ಬಿಡ್ರಿ," ಎನ್ನುತ್ತಾರೆ.

"ನಿಮ್ಮ ಮಾರಿ ಕಣ್ಣಿಲ್ಲದನೂ ಕಾಣತೈತಿ," ಎನ್ನುತ್ತಾರೆ ಸುಂದರವ್ವ. ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ತಂತಿಯನ್ನು ಎರಡು ಬೆರಳುಗಳ ನಡುವೆ ಹಿಡಿಯುತ್ತಾರೆ. "ನಾ ಮೊದಲ ಈಕಿ ತಂತಿ ಕೂಡಿಸಿದ ಜಾಗಾ ಹುಡುಕತೇನಿ. ಕಣ್ಣಿಗೆ ಬಿತ್ತಂದ್ರ ಚಲೋತ್ನ್ಯಾಗಿ ಬೈತೇನಿ. ಎಷ್ಟ ಹುಡುಕಿದ್ರೂ ಸಿಗಲಿಲ್ಲಂದ್ರ, ಆವತ್ತ ನಾ ಈಕಿಗೆ ಕೆಲಸ ಕಲಸೀನಿ ಅಂತ ನಾಕು ಮಂದಿ ಮುಂದ ಹೇಳತೇನಿ."

ಕಾಲು ಪೆಡಲಿನ ಮೇಲೆ ಇಳಿಯುತ್ತದೆ. ಅಚ್ಚು ತಿರುಗತೊಡಗುತ್ತದೆ.